ಬಂಗುಡೆಗೊಂದು ವಿದ್ಯಾರ್ಥಿವೇತನ

ಹೋದ ವಾರ ಸಂಜೆ ಕದ್ರಿಯ ಏರು ಹತ್ತುತ್ತಿದ್ದೆ. ಹಿಂದಿನಿಂದ ಯಾರೋ ಕೊಡೆಯ ಹಿಡಿಯನ್ನು ನನ್ನ ತೋಳಿಗೆ ಸಿಕ್ಕಿಸಿ ಎಳೆದರು. ತಿರುಗಿ ನೋಡಿದರೆ ವಾಸುದೇವ ಆಚಾರ್ಯರು. ದೇವಸ್ಥಾನದ ಹಿರಿಯರು, ಜಾತಕ ನೋಡುವವರು, ನಗುವುದನ್ನು ಸಂಕ್ರಾಂತಿಗೊಮ್ಮೆ ಇಟ್ಟುಕೊಂಡವರು. ಅವತ್ತು ಸಂಕ್ರಾಂತಿ ಅಲ್ಲದಿದ್ದರೂ ನಗುತ್ತಿದ್ದರು.

"ಮಾಸ್ಟ್ರೇ, ನಿಮ್ಮ ಶಿಷ್ಯೆ ಸುಲೋಚನೆಗೆ ಹೇಳಿ. ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ತಾಳೆಗರಿ ಉಂಟು. ಮತ್ಸ್ಯಾವತಾರದ್ದೇ. ಅವಳ ರಿಸರ್ಚಿಗೆ ಆಗ್ತದೆ."

ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಸುಲೋಚನೆಯ ರಿಸರ್ಚಿಗೂ ಅವತಾರಕ್ಕೂ ಎಲ್ಲಿಯ ಸಂಬಂಧ? ಅವಳು ಓದಲು ಹೊರಟಿರುವುದು ಬಂಗುಡೆಯನ್ನು. ಹೌದು, ನಿಮ್ಮಲ್ಲಿ ಅರ್ಧ ಜನ ಹುರಿದು ತಿನ್ನುವ, ಉಳಿದರ್ಧ ಜನ ಮೂಗು ಮುಚ್ಚಿಕೊಂಡು ದಾಟುವ ಅದೇ ಬಂಗುಡೆ.

"ನಿನ್ನೆ ಅವಳ ಅರ್ಜಿ ಕಮಿಟಿಯಲ್ಲಿ ಪಾಸಾಯಿತು. ಎಲ್ಲರಿಗೂ ಸಂತೋಷ. ಎಂ.ಎಸ್ಸಿ. ಓದಿದ ಹುಡುಗಿ ದೇವರ ವಿಷಯ ತೆಗೆದುಕೊಳ್ಳುವುದೆಂದರೆ ಸಣ್ಣ ಸಂಗತಿಯಾ ಮಾರಾಯ್ರೇ?"

ತಂಪು ಗಾಳಿಯಲ್ಲೂ ನನಗೆ ಬೆವರು ಬಂತು. ಏಕೆಂದರೆ ಆ ಅರ್ಜಿಯ ಕನ್ನಡ ನನ್ನದು.

ಮೊದಲಿನಿಂದ ಹೇಳುತ್ತೇನೆ. ಸುಲೋಚನೆ ಅರ್ಚಕ ಭಟ್ಟರ ಮಗಳು. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತಳು, ಮದ್ರಾಸಿಗೆ ಹೋಗಿ ಪ್ರಾಣಿಶಾಸ್ತ್ರ ಕಲಿತಳು. ಈಗ ಅಲ್ಲಿಯೇ ಒಬ್ಬ ಪ್ರೊಫೆಸರು ಅವಳನ್ನು ಸಂಶೋಧನೆಗೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಒಂದೇ ಷರತ್ತು. ಖರ್ಚು ಯಾರು ಕೊಡುತ್ತಾರೆ ಎಂಬುದಕ್ಕೆ ಈ ತಿಂಗಳ ಕೊನೆಯೊಳಗೆ ಕಾಗದ ತೋರಿಸಬೇಕು. ಇಲ್ಲವಾದರೆ ಆ ಮೇಜು, ಆ ಸೂಕ್ಷ್ಮದರ್ಶಕ ಮುಂದಿನವರಿಗೆ. ಮಗಳಿಗೆ ಎರಡು ಹೊತ್ತು ಊಟ ಹಾಕುವುದು ಭಟ್ಟರಿಗೆ ಭಾರವಲ್ಲ. ಆದರೆ ಆ ಊಟ ಮದ್ರಾಸಿನಲ್ಲಿ ಎಂದರೆ ಭಾರ.

ಹುಡುಕಾಟ ಶುರುವಾಯಿತು. ಅದೇನು ಹುಡುಕಾಟ ಅಂತೀರಿ! ಕನ್ಯೆಗೆ ವರ ಹುಡುಕುವುದು ಇದಕ್ಕಿಂತ ಸುಲಭ. ಅಲ್ಲಿ ಬೇಡ ಎನ್ನುವವರು ಕೊನೆಗೆ ಉಪ್ಪಿಟ್ಟಾದರೂ ತಿಂದು ಹೋಗುತ್ತಾರೆ.

ಅವಳು ಓದುತ್ತಿದ್ದಾಗಲೇ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತಲ್ಲ? ಮದ್ರಾಸಿನ ಒಂದು ಆಫೀಸಿಗೆ ಬರೆದರೆ, "ನೀವೀಗ ನಮ್ಮವರಲ್ಲ" ಎಂದು ಉತ್ತರ ಬಂತು. ಮೈಸೂರಿನ ಒಂದು ಆಫೀಸಿಗೆ ಬರೆದರೆ, "ನಿಮ್ಮ ಡಿಗ್ರಿ ನಮ್ಮದಲ್ಲ" ಎಂದು ಬಂತು. ಗೆರೆ ಎಳೆದವರು ಸರಿಯಾಗಿ ಈ ಹುಡುಗಿಯ ಪಾದದ ಮೇಲೇ ಎಳೆದಿದ್ದರು.

ಡೆಲ್ಲಿಯ ಫೆಲೋಶಿಪ್ ಒಂದಿತ್ತು. ಅದರ ಪ್ರಕಟಣೆ ನಮಗೆ ಸಿಕ್ಕಿದ್ದು ಅಂಗಡಿಯಿಂದ ಬಂದ ಕೊತ್ತಂಬರಿಯ ಪೊಟ್ಟಣದಲ್ಲಿ. ಬಿಡಿಸಿ ಓದುವಾಗ ಕೊನೆಯ ತಾರೀಕು ಎಂದೋ ದಾಟಿತ್ತು. (ನಮ್ಮ ಊರಿಗೆ ಅವಕಾಶಗಳು ಬರುವುದು ಹೀಗೆ, ಪೊಟ್ಟಣವಾಗಿ.) ಅವಳೇನು ಅತ್ತಳೇ? ಇಲ್ಲ. ಅಂದಿನಿಂದ ಮನೆಗೆ ಬಂದ ಯಾವ ಪೊಟ್ಟಣದ ಕಾಗದವನ್ನೂ ಓದದೆ ಒಲೆಗೆ ಹಾಕಲು ಬಿಡುತ್ತಿರಲಿಲ್ಲ.

ಬಂದರಿಗೂ ಹೋದೆವು. ಹಸನಬ್ಬ ಹಾಜಿಯವರು ಕೊಲಂಬೊಗೆ ಒಣಮೀನು ಕಳಿಸುವ ವ್ಯಾಪಾರಿ. ಅವರ ಮನೆತನದ್ದೊಂದು ಧರ್ಮದ ಫಂಡು ಉಂಟು. ಅವಳ ಮಾತನ್ನೆಲ್ಲ ಕೇಳಿ ಹಾಜಿಯವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು.

"ಫಂಡು ನಮ್ಮ ಹುಡುಗರಿಗೆ ಮಾತ್ರ ಅಂತ ಬಾಪ ಬರೆದಿಟ್ಟು ಹೋಗಿದ್ದಾರೆ. ನಾನು ಎಂತ ಮಾಡುವುದು ಮಾಸ್ಟ್ರೇ? ಅವರಿಗೆ ಕೊಡ್ತೇನೆ ಅಂದ್ರೆ ಎಲ್ಲರೂ ಲಾ ಓದ್ತೇನೆ ಅಂತಾರೆ. ಮೀನು ಓದ್ತೇನೆ ಅಂತ ಬಂದದ್ದು ಈ ಭಟ್ಟರ ಮಗಳು ಒಬ್ಬಳೇ!" ಆಮೇಲೆ ಅವಳ ಕಡೆ ತಿರುಗಿ, "ರಜೆಯಲ್ಲಿ ಬಂದರೆ ನನ್ನ ಬಂಡಸಾಲೆಯಲ್ಲಿ, ಮೀನಿನ ಗೋದಾಮಿನಲ್ಲಿ, ಜಾಗ ಕೊಡ್ತೇನೆ. ಮೀನು ಎಷ್ಟು ಬೇಕಾದ್ರೂ ಕೊಯ್ಯಿ. ಫ್ರೀ!" ಎಂದರು.

ಜಾಗ ಸಿಕ್ಕಿತು, ಮೀನು ಸಿಕ್ಕಿತು. ಮದ್ರಾಸಿನ ಖರ್ಚು ಸಿಗಲಿಲ್ಲ.

ಉಳಿದದ್ದು ಒಂದೇ ಬಾಗಿಲು. ಅವಳ ಸ್ವಂತ ಸಮಾಜದ ವಿದ್ಯಾನಿಧಿ. (ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನನ್ನನ್ನು ಜಗಲಿಗೆ ಹತ್ತಿಸುವುದಿಲ್ಲ.) ದೇವಸ್ಥಾನದ ಕಾಣಿಕೆಯ ಒಂದು ಪಾಲು ಆ ನಿಧಿಗೆ ಹೋಗುತ್ತದೆ. ಅವರ ಫಾರ್ಮು ನೋಡಬೇಕು ನೀವು. ಗೋತ್ರಕ್ಕೆ ಒಂದು ಸಾಲು, ಅಪ್ಪನ ಉದ್ಯೋಗಕ್ಕೆ ಎರಡು ಸಾಲು, ತಾಯಿಯ ತವರಿಗೆ ಎರಡು ಸಾಲು. ಓದುವ ವಿಷಯಕ್ಕೆ? ಅರ್ಧ ಸಾಲು. ಇಷ್ಟು ದಿನ ಅಲೆದಾಗ ನಾನು ಕಂಡದ್ದು ಇದನ್ನೇ. ನೀನು ಯಾರವಳು ಎಂದು ಎಲ್ಲರೂ ಕೇಳಿದರು. ನಿನಗೆ ಏನು ತಿಳಿಯಬೇಕು ಎಂದು ಯಾರಾದರೂ ಕೇಳಿದರೇ?

ಆ ಅರ್ಧ ಸಾಲಿನಲ್ಲಿ ಅವಳು ಹೀಗೆ ಬರೆದಿದ್ದಳು: 'ಬಂಗುಡೆ ಒಂದು ವರ್ಷ ಬರುತ್ತದೆ, ಒಂದು ವರ್ಷ ಬರುವುದಿಲ್ಲ. ಯಾಕೆ?'

ಅರ್ಜಿಯಲ್ಲಿ ಹೀಗೆಲ್ಲ ಬರೆಯುವುದುಂಟೇ? ನಾನು ತಾಳಮದ್ದಳೆ ಕೇಳುತ್ತ, ಅಜ್ಜನ ತೊಡೆಯ ಮೇಲೆ ಭಾಷೆ ಕಲಿತವನು. ಪೆನ್ನು ತೆಗೆದುಕೊಂಡು ಹೊಸ ಫಾರ್ಮಿನಲ್ಲಿ ಬರೆದೆ: 'ಪಶ್ಚಿಮ ಸಮುದ್ರದಲ್ಲಿ ಮತ್ಸ್ಯದ ಆವಿರ್ಭಾವ ಮತ್ತು ತಿರೋಧಾನ.'

"ಮಾಸ್ಟ್ರೇ, ಇದು ಯಕ್ಷಗಾನದ ಹಾಗೆ ಕೇಳ್ತದೆ" ಎಂದಳು.

"ಹಣ ಕೇಳುವಾಗ ಗೆಜ್ಜೆ ಕಟ್ಟಬೇಕು ಮಗಾ."

ಕಟ್ಟಿದ ಗೆಜ್ಜೆಗೆ ಕಮಿಟಿ ಕುಣಿಯಿತು. ಮೀನು ಬರುವುದು ಹೋಗುವುದು ಎಂದು ನಾನು ಬರೆದದ್ದು, ಭಗವಂತ ಪ್ರತ್ಯಕ್ಷನಾಗಿ ಅಂತರ್ಧಾನನಾದದ್ದು ಎಂದು ಅವರು ಓದಿಕೊಂಡರು. ಅವರ ತಪ್ಪೇನು? ಆವಿರ್ಭಾವ ಎಂದ ಮೇಲೆ ಯಾರಿಗೆ ಬಂಗುಡೆ ನೆನಪಾಗುತ್ತದೆ?

ಆಚಾರ್ಯರ ಕೊಡೆಯಿಂದ ಬಿಡಿಸಿಕೊಂಡು ನೇರವಾಗಿ ಭಟ್ಟರ ಮನೆಗೆ ಹೋದೆ. ವಿಷಯ ಕೇಳಿ ಸುಲೋಚನೆ ಕಂಬ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ಹಾಗಾದ್ರೆ ಅವರು ಕೊಟ್ಟದ್ದು ನನಗಲ್ಲ. ಹೋಗಿ ಹೇಳ್ಬೇಕು."

"ಹೇಳಿದರೆ ಹಣ ಹೋಗ್ತದೆ. ಹಣ ಹೋದರೆ ಮದ್ರಾಸೂ ಹೋಗ್ತದೆ" ಎಂದೆ. ಮಣ್ಣಗುಡ್ಡೆಯ ನಮ್ಮ ಮನೆಗೆ ಕರೆದುಕೊಂಡು ಬಂದೆ, ನನ್ನ ಹೆಂಡತಿಯಾದರೂ ಬುದ್ಧಿ ಹೇಳಲಿ ಎಂದು. ಹೆಂಡತಿ ಕಾಫಿ ಕೊಟ್ಟು ತೀರ್ಪನ್ನೂ ಕೊಟ್ಟಳು. "ಸುಮ್ಮನೆ ತಗೋ ಮಾರಾಯ್ತಿ. ದೇವರ ಮೀನೂ ಮೀನೇ ಅಲ್ವಾ?"

"ವರ್ಷ ಕಳೆದ ಮೇಲೆ ಅವರಿಗೆ ರಿಪೋರ್ಟ್ ಕೊಡ್ಬೇಕಲ್ಲ ಅಕ್ಕ. ಚಿತ್ರ ಹಾಕ್ಲಿಕ್ಕುಂಟು. ಬಂಗುಡೆಗೆ ಶಂಖ ಚಕ್ರ ಬಿಡಿಸ್ಲಾ?"

ಹೆಂಡತಿ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

"ಹಣ ಹೋಗುವುದಾದ್ರೆ ನಾನು ಎದುರು ನಿಂತು ಕೇಳಿದ ಮೇಲೆ ಹೋಗ್ಲಿ" ಎಂದಳು. ಕಾಫಿ ಲೋಟ ತೊಳೆದಿಟ್ಟು ಹೋದಳು.

ಮೊನ್ನೆ ಆದಿತ್ಯವಾರ ವಕೀಲ ರಾಯರ ಜಗಲಿಯಲ್ಲಿ ಸಭೆ. ರಾಯರು ನಿಧಿಯ ಅಧ್ಯಕ್ಷರು. ಪಕ್ಕದಲ್ಲಿ ಆಚಾರ್ಯರು, ಮತ್ತೆ ನಾಲ್ಕಾರು ಹಿರಿಯರು. ಸುಲೋಚನೆ ಕೂರಲಿಲ್ಲ. ಸುತ್ತುಬಳಸಲೂ ಇಲ್ಲ. ತನ್ನ ವಿಷಯ ಅವತಾರ ಅಲ್ಲ, ಬಂಗುಡೆ ಎಂದುಬಿಟ್ಟಳು.



"ಬಂಗುಡೆ ಅಂದ್ರೆ… ಮೀನಾ?" ಆಚಾರ್ಯರು ಕೇಳಿದರು.

"ಮೀನೇ."

"ಮುಟ್ಲಿಕ್ಕುಂಟಾ?"

"ಕೊಯ್ಲಿಕ್ಕೂ ಉಂಟು."

ಆಚಾರ್ಯರು ಶಾಲನ್ನು ಮೂಗಿಗೆ ಒತ್ತಿಕೊಂಡರು, ಮೀನಿನ ಬುಟ್ಟಿ ಅಲ್ಲೇ ಇದ್ದ ಹಾಗೆ. "ತಿನ್ನುವವರು ಕೊಯ್ತಾರೆ, ಅದು ಲೋಕರೂಢಿ. ತಿನ್ನದವಳಿಗೆ ಎಂತಕ್ಕೆ ಕೊಯ್ಯುವ ಕೆಲಸ?"

"ಅದು ಎಂತ ತಿಂದಿದೆ ಅಂತ ನೋಡ್ಲಿಕ್ಕೆ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಚಾರ್ಯರು ನಗಲಿಲ್ಲ. "ದೇವರ ಹಣದಲ್ಲಿ ಮೀನು ಕೊಯ್ಯುವುದಾ? ಆಗ್ಲಿಕ್ಕಿಲ್ಲ. ಕ್ಯಾನ್ಸಲ್ ಮಾಡಿ ರಾಯರೇ."

ಮುಗಿಯಿತು ಎಂದುಕೊಂಡೆ ನಾನು. ಅವಳು ಎಂದುಕೊಳ್ಳಲಿಲ್ಲ.

"ದೇವರ ಹಣ ಎಲ್ಲಿಂದ ಬರ್ತದೆ ಆಚಾರ್ರೇ? ಬಲೆ ಇಳಿಸುವ ಮೊದಲು ಬೆಂಗ್ರೆಯ ಮೀನುಗಾರರು ಬಂದು ಕಾಣಿಕೆ ಹಾಕ್ತಾರಲ್ಲ, ಅದೂ ಉಂಟಲ್ಲ ಅದರಲ್ಲಿ? ಒಂದು ವರ್ಷ ದಡದಲ್ಲಿ ರಂಪಣಿ ಬಲೆ ಎಳೆದು ಎಳೆದು ಸುಸ್ತಾದ್ರು, ಬಂಗುಡೆಯೇ ಇಲ್ಲ. ಆ ವರ್ಷ ನೀವು ಎಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಟ್ರಿ?"

ರಾಯರು ಕೆಮ್ಮಿದರು. "ಆ ವರ್ಷ… ಕೊಡ್ಲಿಕ್ಕೆ ಆಗ್ಲಿಲ್ಲ. ಡಬ್ಬಿಯಲ್ಲಿ ಇರ್ಲಿಲ್ಲ."

"ನನ್ನ ಅಣ್ಣ ಅರ್ಜಿ ಹಾಕಿದ್ದು ಆ ವರ್ಷವೇ. ಇಂಜಿನಿಯರಿಂಗ್ ಸೀಟಿತ್ತು ಅವನಿಗೆ. ಈಗ ಬೊಂಬಾಯಿಯಲ್ಲಿ ಹೋಟ್ಲಿನ ಬಿಲ್ಲು ಬರೀತಾನೆ." ಅವಳ ಸ್ವರ ಏರಲಿಲ್ಲ. "ಮೀನು ಬಾರದ್ದು ಬೆಂಗ್ರೆಯವರಿಗೆ ಮಾತ್ರ ಅಂತ ನೀವು ಅಂದುಕೊಂಡಿದ್ದೀರಿ. ನಮ್ಮ ಮನೆಗೂ ಬರ್ಲಿಲ್ಲ ಅದು."

ಈ ಅಣ್ಣನ ಸಂಗತಿ ನನಗೂ ಗೊತ್ತಿರಲಿಲ್ಲ.

ಕೊನೆಗೆ ರಾಯರು ವಕೀಲರ ದಾರಿಯನ್ನೇ ಹಿಡಿದರು. "ಒಂದು ಕೆಲಸ ಮಾಡುವ. ನಿರ್ಣಯದಲ್ಲಿ ಮತ್ಸ್ಯ ಅಂತ ಉಂಟು. ಮತ್ಸ್ಯ ಅಂತಲೇ ಇರ್ಲಿ. ನಾವು ನಮಗೆ ಬೇಕಾದ ಹಾಗೆ ಓದ್ತೇವೆ, ನೀನು ನಿನಗೆ ಬೇಕಾದ ಹಾಗೆ ಓದು. ಹಣ ನಾಳೆ ಕೊಡುವ."

ಸಿಕ್ಕಿತಲ್ಲ! ನಾನು ಎದ್ದೇಬಿಟ್ಟಿದ್ದೆ. ಈ ಹುಡುಗಿ ತಲೆ ಅಲ್ಲಾಡಿಸಿದಳು.

"ಬೇಡ ರಾಯರೇ. ಮೀನು ಅಂತಲೇ ಬರೀರಿ. ನಾಳೆ ಇನ್ನೊಬ್ಬ ಏಡಿಯ ಮೇಲೆ ರಿಸರ್ಚ್ ಮಾಡ್ತೇನೆ ಅಂತ ಬರ್ತಾನೆ. ಅವ ಎಂತ ಬರೀಬೇಕು? ಕರ್ಕಾಟಕ ರಾಶಿ ಅಂತ ಬರೀಬೇಕಾ?"

ಈ ಸಲ ನಕ್ಕದ್ದು ಯಾರು ಗೊತ್ತೇ? ಜಾತಕ ನೋಡುವ ಆಚಾರ್ಯರು. ಶಾಲು ಮೂಗಿನಿಂದ ಜಾರಿತು. ಅವರು ನಕ್ಕ ಮೇಲೆ ಉಳಿದವರಿಗೆ ಧೈರ್ಯ ಬಂತು.

ರಾಯರು ಕೈ ಎತ್ತಲು ಹೇಳಿದರು. ಒಂದೊಂದಾಗಿ ಎದ್ದವು. ಆಚಾರ್ಯರದು ಏಳಲಿಲ್ಲ. "ನಾನು ವಿರೋಧವೂ ಅಲ್ಲ, ಪರವೂ ಅಲ್ಲ. ನನಗೆ ವಾಸನೆ ಆಗುವುದಿಲ್ಲ, ಅಷ್ಟೇ." ಮತ್ಸ್ಯಕ್ಕೂ ಆವಿರ್ಭಾವಕ್ಕೂ ರಾಯರು ಅಡ್ಡಗೆರೆ ಎಳೆದರು. (ನನ್ನ ತಾಳಮದ್ದಳೆಗೆ ಮಂಗಳ ಹಾಡಿದಂತಾಯಿತು.) ಮೇಲೆ 'ಬಂಗುಡೆ ಮೀನು' ಎಂದು ಬರೆದರು. ಕೆಳಗೆ ಒಂದು ಷರತ್ತು: ಸದರಿ ಮೀನನ್ನು ಯಾವ ಕಾರಣಕ್ಕೂ ನಿಧಿಯ ಸಭೆಗೆ ತರಕೂಡದು.

"ಒಪ್ಪಿಗೆ" ಎಂದಳು ಸುಲೋಚನೆ.

ಓದುಗರೇ, ನಿಮ್ಮ ಮನೆಯಲ್ಲೂ ಮುಂದೆ ಓದಬೇಕೆನ್ನುವ ಮಕ್ಕಳಿರಬಹುದು. ಅವರಿಗೆ ಪೊಟ್ಟಣದ ಕಾಗದವನ್ನೂ ಓದಲು ಹೇಳಿ, ಬಂದರಿನ ಬಾಗಿಲನ್ನೂ ತಟ್ಟಲು ಹೇಳಿ. ಅರ್ಜಿ ಮಾತ್ರ ನನ್ನಂಥವನ ಕೈಗೆ ಕೊಡುವುದು ಬೇಡ. ತನಗೆ ಏನು ತಿಳಿಯಬೇಕು ಎಂಬುದನ್ನು ಮನೆಯ ಮಾತಿನಲ್ಲಿ ಬರೆಯಲಿ, ಒಪ್ಪದವರ ಎದುರು ಹೋಗಿ ನಿಂತುಕೊಳ್ಳಲಿ. ಬಗ್ಗುವವರು ಬಗ್ಗಿಯೇ ಬಗ್ಗುತ್ತಾರೆ.

ಸಭೆ ಮುಗಿದು ನಾವು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ಹಿಂದಿನಿಂದ ಆಚಾರ್ಯರು ಬಂದರು. ಅತ್ತಿತ್ತ ನೋಡಿದರು. ಜಗಲಿಯವರಿಗೆ ಕೇಳದಂತೆ ಸ್ವರ ತಗ್ಗಿಸಿದರು.

"ಅಲ್ಲ ಮಗಾ, ಈ ವರ್ಷ ಬಂಗುಡೆ ಬರ್ತದಾ?"

"ಗೊತ್ತಿಲ್ಲ ಆಚಾರ್ರೇ. ಅದಕ್ಕೇ ಅಲ್ವಾ ನಾನು ಹೋಗುವುದು?"

"ಸ್ವಲ್ಪ ಬೇಗ ನೋಡಿ ಹೇಳು ಮಾರಾಯ್ತಿ. ನನಗೆ ನವರಾತ್ರಿಯ ಖರ್ಚಿನ ಅಂದಾಜು ಮಾಡ್ಲಿಕ್ಕುಂಟು."

ಉತ್ತರಕ್ಕೆ ಇಷ್ಟು ಅವಸರ ಇರುವವರು ಪ್ರಶ್ನೆಯ ಖರ್ಚಿಗೆ ಒಂದು ಕೈ ಎತ್ತಬಾರದೇ?