ಮೂರು ಸರ್ವರ್, ಒಂದು ಸರದಿ

ಪರೀಕ್ಷೆಯ ಆನ್‌ಲೈನ್ ಅರ್ಜಿಗಳಿಗೆ ಅಂದೇ ಕೊನೆಯ ದಿನ. ಸಂಜೆ ಐದರೊಳಗೆ ಅರ್ಜಿ ಸೇರದಿದ್ದರೆ ವಿದ್ಯಾರ್ಥಿಗೆ ಒಂದು ವರ್ಷ ನಷ್ಟ. ಕೋಲಾರದ ನಮ್ಮ ಕಚೇರಿಯ ಮೂರು ಸರ್ವರ್‌ಗಳಲ್ಲಿ ಮೊದಲನೆಯದು ಮಧ್ಯಾಹ್ನಕ್ಕೇ ತುಂಬಿ ನಿಂತಿತ್ತು. ಉಳಿದೆರಡು ಬಹುತೇಕ ಖಾಲಿ.

“ಮೇಡಂ, ಬಂದವರನ್ನ ಮೂರಕ್ಕೂ ಸರದಿ ಪ್ರಕಾರ ಕಳಿಸ್ತಿದೀನಿ. ಇನ್ನೇನು ಮಾಡ್ಲಿ?” ಎಂದರು ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್.

ಮೊದಲನೆಯದರಲ್ಲಿ ಯಾರಿದ್ದಾರೆಂದು ಪಟ್ಟಿ ತೆಗೆಸಿದೆ. ಬೆಳಿಗ್ಗೆ ಅದೊಂದೇ ಚಾಲೂ ಆಗಿದ್ದಾಗ ಒಳಬಂದ ಶ್ರೀನಿವಾಸಪುರದವರು ಇನ್ನೂ ಅಲ್ಲೇ ಇದ್ದರು. ಅಲ್ಲಿನ ಕಾಲೇಜಿನ ಗುಮಾಸ್ತೆಗೆ ಫೋನ್ ಮಾಡಿದೆ.

“ಅಮ್ಮೋ, ಹೊರಗೆ ಬಂದ್ರೆ ಮತ್ತೆ ಸಿಗುತ್ತಾ ಮೇಡಂ? ಬಸ್ಸಲ್ಲಿ ಟವಲ್ ಹಾಕಿದ ಸೀಟು ಯಾರಾದ್ರೂ ಬಿಡ್ತಾರಾ? ಅರ್ಜಿ ಸೇರಿದ್ರೂ ಎಲ್ಲಾ ಕಂಪ್ಯೂಟರಲ್ಲೂ ಪುಟ ತೆರೆದೇ ಇಟ್ಟಿದೀವಿ!” ಎಂದರು ಆಕೆ.

ಫೋನ್ ಇಟ್ಟು ಎಂಜಿನಿಯರ್‌ಗೆ ಹೇಳಿದೆ: “ಸರದಿ ಬಿಡಿ. ಅದರಿಂದ ಮೂವರಲ್ಲಿ ಒಬ್ಬರು ಆ ತುಂಬಿದ ಸರ್ವರ್‌ಗೇ ಹೋಗಿ ಸಿಕ್ಕಿಬೀಳುತ್ತಿದ್ದಾರೆ. ಈ ಕ್ಷಣ ಎಲ್ಲಿ ಕಡಿಮೆ ಜನರಿದ್ದಾರೋ, ಹೊಸಬರನ್ನು ಅಲ್ಲಿಗೆ ಕಳಿಸಿ.”

ಹತ್ತು ನಿಮಿಷದಲ್ಲಿ, ಅಷ್ಟು ಹೊತ್ತು ಕಾದಿದ್ದ ಮುಳಬಾಗಿಲು, ಮಾಲೂರಿನವರೆಲ್ಲ ಸರಾಗವಾಗಿ ಒಳಬಂದರು. ಐದಕ್ಕೆ ಮುನ್ನ ಕೊನೆಯ ಅರ್ಜಿಯೂ ಸೇರಿತು. ಒಬ್ಬ ವಿದ್ಯಾರ್ಥಿಯೂ ವರ್ಷ ಕಳೆದುಕೊಳ್ಳಲಿಲ್ಲ.

ಅದು ತಮ್ಮದೇ ಉಪಾಯವೆಂದು ಎಂಜಿನಿಯರ್ ವರದಿಯಲ್ಲಿ ಬರೆದರು. ನಾನು ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ ಸಹಿ ಹಾಕಿದೆ.