ಟೀಚರಿಗೆ ಬಂದ ಅಕ್ಕಿ

ತಮಿಳುನಾಡಿನ ಕಂಬಂನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಜೀವಶಾಸ್ತ್ರದ ಟೀಚರು. ಮನೆಮಾತು ತಮಿಳು ಬೆರೆತ ಕನ್ನಡ. ಬೀದಿಯಲ್ಲಿ ಯಾರು ಸೀನಿದರೂ ಸೌಟು ಹಿಡಿದೇ ಹೊರಗೆ ಬಂದು, "ವೈರಸ್ಸಿಗೆ ಸ್ವಂತ ಒಲೆ ಇಲ್ಲಮ್ಮ, ನಮ್ಮ ಒಲೇಲೇ ಬೇಯಿಸ್ಕಂತದೆ" ಅನ್ನುವರು.

ಒಂದು ಬೆಳಿಗ್ಗೆ ಫೋನ್ ಮಾಡಿದರು. "ಅಕ್ಕಿ ಬಂದದೆ, ಬೇಗ ಬಾ."

ನಾನು ಮೈಸೂರಿನಿಂದ ಬಂದ ಸೊಸೆ. ರೇಷನ್ ಅಕ್ಕಿಯೆಂದು ಚೀಲ ಹಿಡಿದು ಓಡಿದೆ. ಅವರು ನರಳುತ್ತಾ ಸೊಂಟದ ಮೇಲಿನ ಸೆರಗು ಸರಿಸಿದರು. ಸಾಲು ಸಾಲು ಗುಳ್ಳೆ. ನಮ್ಮ ಸರ್ಪಸುತ್ತಿಗೆ ತಮಿಳಿನಲ್ಲಿ ಅಕ್ಕಿ ಅನ್ನುತ್ತಾರಂತೆ.

"ಚಿಕ್ಕೋಳಿದ್ದಾಗ ಅಮ್ಮ ಬಂದಿತ್ತು ನಂಗೆ, ಅದೇ ಚಿಕನ್‌ಪಾಕ್ಸು. ಆ ವೈರಸ್ ನೆಂಟ ಹೋಗ್ಲೇ ಇಲ್ಲ, ನರದೊಳಗೆ ಮಲಗಿದ್ದ. ಈಗ ಎದ್ದು ಒಲೆ ಹಚ್ಚವ್ನೆ."

ಆಸ್ಪತ್ರೆಗೆ ಆಟೋ ಕರೆದೆ. ಹತ್ತುವಾಗ ನನ್ನ ಖಾಲಿ ಚೀಲ ಅವರ ಕಣ್ಣಿಗೆ ಬಿತ್ತು.

"ಎಷ್ಟು ಸೇರು ಅಳೀಲಿ?"