ತೊಗಟೆ ಸುಲಿದ ಕೈ

ನಮ್ಮ ಅತ್ತಿಗೆಯ ಸೆರಗಿನ ತುದಿಯಲ್ಲಿ ಸದಾ ನೇರಳೆ ಹಣ್ಣಿನ ಕಲೆ ಇರುತ್ತಿತ್ತು. ತಲಘಟ್ಟಪುರದ ನಮ್ಮ ಮನೆಯ ಮುಂದಿನ ಮರದಿಂದ ಬಿದ್ದ ಹಣ್ಣನ್ನು ಅದರಲ್ಲೇ ಕಟ್ಟಿಕೊಂಡು, ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಹಂಚುತ್ತಿದ್ದರು. ಮಕ್ಕಳಿಗೆ ಬಾಯಿಹುಣ್ಣಾದರೆ ಅದೇ ಮರದ ತೊಗಟೆಯ ಕಷಾಯ. ಅಣ್ಣ ಹೋದ ಮೇಲೆ ಅವರು ದಿನದ ಬಹುಪಾಲು ಕಳೆಯುತ್ತಿದ್ದುದು ಆ ಮರದ ಕೆಳಗೇ.

ಹೊಲಗಳು ಲೇಔಟ್ ಆಗಿದ್ದವು. ಉಳಿದ ಅಂಗಳದಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಬೇಕೆಂಬುದು ನನ್ನ ಆಸೆ. ನಡುವೆ ಮರ. ಕಡಿಯಲು ಅನುಮತಿ ಕೇಳಿದೆ. ಅರಣ್ಯ ಇಲಾಖೆಯವರು ಮರಕ್ಕೆ ನೋಟಿಸ್ ಅಂಟಿಸಿ, ಆಕ್ಷೇಪ ಇದ್ದವರು ಹೇಳಿ ಎಂದರು. ಮೊದಲು ಹೆಬ್ಬೆಟ್ಟು ಒತ್ತಿದವರು ಅತ್ತಿಗೆ. ಅನುಮತಿ ಸಿಗಲಿಲ್ಲ.

"ನಮ್ ಜಾಗ, ನಮ್ ಮರ. ಕಡಿಯೋಕೆ ಯಾರನ್ನ ಕೇಳ್ಬೇಕು?" ಎಂದು ಕೂಗಾಡಿದೆ.

"ಹೆಂಡ್ತಿನೂ ನಿನ್ನೋಳೇ ಕಣಪ್ಪ. ಹಂಗಂತ ಬಡಿಯೋಕ್ ಬಿಡ್ತಾರಾ ಪೊಲೀಸ್ನೋರು?" ಎಂದರು ಅತ್ತಿಗೆ, ಹಣ್ಣು ಆರಿಸುತ್ತಲೇ. ನನ್ನ ಹೆಂಡತಿಯೂ ನಕ್ಕಳು. ಆ ನಗು ನನ್ನನ್ನು ಕೊರೆಯಿತು.

ಒಂದು ಮಂಗಳವಾರ ಅವರು ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೋಗಿದ್ದಾಗ, ಮರ ತಾನಾಗಿ ಒಣಗಲೆಂದು ಬುಡದ ಸುತ್ತ ತೊಗಟೆ ಸುಲಿದೆ. ಗಾಯಕ್ಕೆ ಮಣ್ಣು, ಸಗಣಿ ಮೆತ್ತಿದೆ. ಕಡಿಯಲಿಲ್ಲವಲ್ಲ, ಕಾನೂನಿಗೇನು ಗೊತ್ತಾಗುತ್ತದೆ ಎಂದುಕೊಂಡೆ. ಮುಂದಿನ ಮಳೆಗೆ ಮರ ಚಿಗುರಲಿಲ್ಲ. ಮರ ಒಣಗಿದೆ ಎಂದು ಮತ್ತೆ ಅರ್ಜಿ ಹಾಕಿದೆ.

ಬಂದ ಸಾಹೇಬರು ಬುಡದ ಮಣ್ಣು ಕೆರೆದು ನೋಡಿದರು. "ಯಾರ್ರೀ ಸುಲಿದಿದ್ದು? ಸಾಯಿಸಿ ಅರ್ಜಿ ಹಾಕಿದ್ರೆ ಬಿಟ್ಬಿಡ್ತೀವಾ? ಕೇಸ್ ಆಗುತ್ತೆ!"

ನನ್ನ ಮಗಳ ಮದುವೆಗೆ ಒಂದು ವಾರವಿತ್ತು. ಬೀಗರು ಅಲ್ಲೇ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ನನ್ನ ಕಣ್ಣು ಅವರತ್ತ ಹೋಯಿತು. ಅತ್ತಿಗೆ ಒಮ್ಮೆ ನನ್ನ ಮುಖ ನೋಡಿದರು. ಅವರಿಗೆ ತಿಳಿದುಹೋಯಿತು.

"ನಾನೇ ಸಾರ್," ಎಂದು ಮುಂದೆ ಬಂದರು. "ಕಷಾಯಕ್ಕೆ ಅಂತ ಸುಲೀತಾ ಸುಲೀತಾ ಸುತ್ತ ಬಂದ್ಬಿಟ್ಟೆ. ಮುದುಕಿ, ಗೊತ್ತಾಗ್ಲಿಲ್ಲ."

ಸಾಹೇಬರು ನಿಟ್ಟುಸಿರು ಬಿಟ್ಟು, ಬದಲಿಗೆ ರಸ್ತೆಯಂಚಿನಲ್ಲಿ ಸಸಿಗಳನ್ನು ನೆಟ್ಟು ಸಾಕಬೇಕು, ಅವು ಬೇರೂರುವ ತನಕ ಒಣಮರ ಮುಟ್ಟುವಂತಿಲ್ಲ ಎಂದು ಹೇಳಿ ಹೋದರು. ಮದುವೆ ನಡೆಯಿತು. ಊರಿನವರ ಬಾಯಿ ಮಾತ್ರ ನಿಲ್ಲಲಿಲ್ಲ: "ಮರ ಮರ ಅಂತಿದ್ಲು, ತಾನೇ ಚರ್ಮ ಸುಲಿದ್ಲು ನೋಡು."

ಮಂಡಿನೋವಿನಲ್ಲೇ ಅತ್ತಿಗೆ ರಸ್ತೆಯಂಚಿನ ಸಸಿಗಳಿಗೆ ನೀರು ಹೊರುತ್ತಿದ್ದರು. ಒಮ್ಮೆ ಬಿಂದಿಗೆಗೆ ಕೈ ಹಾಕಿದೆ.

"ಬಿಡು. ಇವನ್ಯಾಕೆ ಹೊರ್ತಾನೆ ಅಂತ ಯಾರಾದ್ರೂ ಕೇಳ್ತಾರೆ. ಮಗಳು ಈಗ ತಾನೆ ಆ ಮನೆ ಸೇರವ್ಳೆ."

ಅಂದಿನಿಂದ ನಾನು ಕಿಟಕಿಯ ಹಿಂದೆಯೇ ಉಳಿದೆ. ಎದುರಿಗೆ ಆ ಒಣಮರ. ಅದರಾಚೆ ಬಿಂದಿಗೆ ಹೊತ್ತು ಕುಂಟುವ ಅತ್ತಿಗೆ. ಹೇಳಿದರೆ ಮಗಳ ಬಾಳು, ಹೇಳದಿದ್ದರೆ ಇದು.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯೂಟದ ಎಲೆಯ ಮುಂದೆಯೂ ಯಾರೋ ಅದೇ ಮಾತು ತೆಗೆದರು. ನಾನು ಅನ್ನ ಕಲಸುತ್ತಾ ಕುಳಿತೆ.

ಈಗ ಬಿಂದಿಗೆ ನನ್ನ ಹೆಗಲ ಮೇಲಿದೆ. ಮೊನ್ನೆ ಎದುರುಮನೆಯವನು ಕೇಳಿದ: "ನಿಮಗ್ಯಾಕಣ್ಣ ಈ ಕಷ್ಟ? ಇದು ನಿಮ್ ಅತ್ತಿಗೆಗೆ ಹಾಕಿದ್ದ ಶಿಕ್ಷೆ ಅಲ್ವಾ?"

ಬಿಂದಿಗೆ ಕೆಳಗಿಟ್ಟೆ. "ಅಲ್ಲಪ್ಪ. ತೊಗಟೆ ಸುಲಿದಿದ್ದು ನಾನು."

"ಸುಮ್ನಿರಣ್ಣ," ಎಂದು ಅವನು ನಕ್ಕ. "ಸತ್ತೋರ ಮೇಲೆ ಇಷ್ಟೊಂದು ಅಭಿಮಾನ ಒಳ್ಳೇದೇ."